ಕೋಳಿ ಗೂಡು ಅಡುಗೆಮನೆ ಕಿಟಕಿಗೆ ಕಾಣಲಿ

"ನಾಲ್ಕು ಕೋಳಿ ಸಾಕೋಣ ಅಂತಿದ್ದೀವಿ, ಗೂಡು ಎಲ್ಲಿಡೋದು?" ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಓದುಗರಿಂದ ಈ ಪ್ರಶ್ನೆ ಬರುವುದು ನಿಂತೇ ಇಲ್ಲ. ಕೇಳುವವರಲ್ಲಿ ಹೆಚ್ಚಿನವರು ನಿವೃತ್ತರು, ಇಲ್ಲವೇ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು. ಗಿರಿರಾಜ ತರುವುದೋ ನಾಟಿಯೋ, ಮರಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸಿಗುತ್ತದೋ ಹೆಸರಘಟ್ಟದಲ್ಲಿ ಸಿಗುತ್ತದೋ ಎನ್ನುವುದನ್ನೆಲ್ಲ ಅವರು ಆಗಲೇ ವಿಚಾರಿಸಿಕೊಂಡಿರುತ್ತಾರೆ. ಜಾಗದ ಮಾತಿಗೆ ಬಂದಾಗ ಮಾತ್ರ ಬಹುತೇಕ ಎಲ್ಲರ ಮನಸ್ಸಿನಲ್ಲೂ ಒಂದೇ ಉತ್ತರ ಕೂತಿರುತ್ತದೆ. ಹಿತ್ತಲಿನ ಕೊನೆಯ ಮೂಲೆ, ಕಾಂಪೌಂಡಿಗೆ ಒತ್ತಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ. ಅದಕ್ಕೆ ನನ್ನ ಒಪ್ಪಿಗೆ ಬೇಕು, ಅಷ್ಟೆ.

ನಾನು ಒಪ್ಪುವುದಿಲ್ಲ. ಗೂಡು ಇರಬೇಕಾದದ್ದು ನಿಮ್ಮ ಅಡುಗೆಮನೆಯ ಕಿಟಕಿಗೆ ಕಾಣುವ ಕಡೆ, ಹಿಂಬಾಗಿಲಿನಿಂದ ಹತ್ತು ಹೆಜ್ಜೆಯ ಒಳಗೆ. ಬಿಸಿಲು, ಇಳಿಜಾರು, ಮರ, ಹೆಗ್ಗಣ ಎಲ್ಲವನ್ನೂ ಲೆಕ್ಕ ಹಾಕಬೇಕು ನಿಜ. ಆದರೆ ಮೊದಲ ಲೆಕ್ಕ ಇದು. 30x40ರ ಸೈಟಿನಲ್ಲಿ ನಮ್ಮ ಹಿತ್ತಲಿನ ಕೊನೆಯ ಮೂಲೆ ಎಂದರೆ ಹಿಂದಿನ ಮನೆಯವರ ಮಲಗುವ ಕೋಣೆಯ ಕಿಟಕಿ. ನಮಗೆ ದೂರವಾದದ್ದು ಅವರಿಗೆ ಹತ್ತಿರ. ಗೂಡಿನಲ್ಲಿ ವಾಸನೆ ಎದ್ದರೆ ಮೊದಲು ತಿಳಿಯುವುದು ಅವರಿಗೆ. ನಮಗೆ ತಿಳಿಯುವ ಹೊತ್ತಿಗೆ ಜಗಳ ಬಾಗಿಲಿಗೆ ಬಂದಿರುತ್ತದೆ. ನಮ್ಮದೇ ಒಲೆಯ ಹತ್ತಿರದ ಕಿಟಕಿಗೆ ವಾಸನೆ ಬಡಿದರೆ ಆ ದಿನವೇ ಪೊರಕೆ ಹಿಡಿಯುತ್ತೇವೆ. ಕೋಳಿ ನಮ್ಮದಾದ ಮೇಲೆ ಅದರ ವಾಸನೆಯ ಮೊದಲ ಪಾಲೂ ನಮಗೇ ಬರುವ ಹಾಗೆ ಗೂಡು ಕೂರಿಸುವುದು ನ್ಯಾಯ ಎಂದು ನಾನು ನಂಬಿದ್ದೇನೆ.

ಇದು ಹೊಸ ಬುದ್ಧಿಯೇನೂ ಅಲ್ಲ. ಬಿಟಿಎಂ ಎನ್ನುವ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. 1948ರಲ್ಲಿ ರಾಜಗೋಪಾಲಾಚಾರಿಯವರು ಅಡಿಗಲ್ಲು ಹಾಕಿದ ಜಯನಗರದ ಸುತ್ತಲೂ ಯಡಿಯೂರು, ಸಾರಕ್ಕಿಯಂಥ ಹಳ್ಳಿಗಳಿದ್ದವು, ಬನಶಂಕರಿಯ ಮಗ್ಗುಲಲ್ಲಿ ಕತ್ರಿಗುಪ್ಪೆ, ಇಟ್ಟಮಡು. ಬಡಾವಣೆ ಬೆಳೆದು ಊರುಗಳನ್ನು ಸುತ್ತುವರಿಯಿತು, ಊರು ಒಳಗೇ ಉಳಿಯಿತು. ಅಲ್ಲಿನ ಹಳೆಯ ಗಲ್ಲಿಗಳಲ್ಲಿ ಇವತ್ತೂ ನಾಟಿ ಕೋಳಿ ಮೇಯುವುದನ್ನು ನೋಡಬಹುದು. ಅಂಥ ಮನೆಗಳಲ್ಲಿ ಕೋಳಿಯನ್ನು ಸಂಜೆ ಮುಚ್ಚಿಡುವುದು ಎಲ್ಲಿ ಎಂದು ಗಮನಿಸಿ. ಹಿಂಬಾಗಿಲಿನ ಪಕ್ಕ, ಮುಸುರೆ ತೊಳೆಯುವ ಕಲ್ಲಿನ ಆಚೆ, ಮರಿ ಇದ್ದರೆ ಜಗಲಿಯ ಮೇಲೆಯೇ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರಿ. ರಾತ್ರಿ ಕೋಳಿ ಕಿರುಚಿದರೆ ಮಲಗಿದವರಿಗೆ ಕೇಳಬೇಕು, ಅನ್ನ ಬಸಿಯುವಾಗ ಚೆಲ್ಲಿದ ಅಗುಳು ಎರಡು ಹೆಜ್ಜೆಯಲ್ಲಿ ಅದರ ಬಾಯಿಗೆ ಬೀಳಬೇಕು. ಕೋಳಿ ಮನೆಯ ಬದುಕಿನೊಳಗೇ ಇತ್ತು. ಬಡಾವಣೆಗೆ ಬಂದ ನಾವು ಅದನ್ನು ಕಾರ್ ಶೆಡ್ಡಿನ ಹಿಂದಿನ ಹಳೆಯ ಸಾಮಾನಿನ ಸಾಲಿಗೆ ಸೇರಿಸಲು ನೋಡುತ್ತೇವೆ.

ವಾಸನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜಾಗ ಆರಿಸುವ ಕೆಲಸದ ಅರ್ಧ ಅಲ್ಲೇ ಇದೆ. ಕೋಳಿಗೆ ಮೂತ್ರ ಬೇರೆ, ಮಲ ಬೇರೆ ಎಂಬುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಭಾಗವೇ ಅದರ ಮೂತ್ರ, ಯೂರಿಕ್ ಆಮ್ಲದ ರೂಪದಲ್ಲಿ. ಅದು ಒಣಗಿದ್ದರೆ ಹೆಚ್ಚು ತೊಂದರೆಯಿಲ್ಲ. ತೇವ ಸಿಕ್ಕಿದ ಕೂಡಲೇ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂಗು ಉರಿಸುವ ಘಾಟು ಅದೇ. ನಾಲ್ಕು ಕೋಳಿಗಳಿಂದ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಕೆಜಿ ಹಿಕ್ಕೆ ಬೀಳುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರೇ. ಆ ನೀರು ಗಾಳಿಗೆ, ಬಿಸಿಲಿಗೆ ಹಾರಿಹೋಗುವ ಜಾಗದಲ್ಲಿ ಗೂಡಿದ್ದರೆ ನಾಲ್ಕಿಂಚು ಭತ್ತದ ಹೊಟ್ಟೋ ಮರದ ಹೊಟ್ಟೋ ಹಾಸಿ ವಾರಕ್ಕೆರಡು ಸಲ ಕೆದಕಿದರೆ ಸಾಕು, ವಾಸನೆ ತಲೆ ಎತ್ತುವುದಿಲ್ಲ. ಹಾರಿಹೋಗದ ಜಾಗದಲ್ಲಿ ದಿನಾ ಗುಡಿಸಿದರೂ ಸಾಲದು. ಕೋಳಿ ಗಲೀಜು ಪ್ರಾಣಿ ಎಂಬ ಮಾತು ಹುಟ್ಟಿರುವುದು ಒದ್ದೆ ಜಾಗದಲ್ಲಿ ಇಟ್ಟ ಗೂಡುಗಳಿಂದ.

ಹಾಗಾದರೆ ಒಣಗುವ ಜಾಗ ಯಾವುದು? ಇಲ್ಲಿ ನಮ್ಮ ಊರಿನ ಸೂರ್ಯನನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳಿರುವುದಿಲ್ಲ. ಆಗಸ್ಟ್ 18ರ ಹೊತ್ತಿಗೆ ಮತ್ತೊಮ್ಮೆ. ಈ ಎರಡು ದಿನಗಳ ನಡುವೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ಉಳಿದ ಕಾಲವೆಲ್ಲ ದಕ್ಷಿಣದಲ್ಲಿ. ಡಿಸೆಂಬರ್ ಕೊನೆಯ ವಾರಗಳಲ್ಲಿ ಎಷ್ಟು ದಕ್ಷಿಣಕ್ಕೆ ವಾಲಿರುತ್ತಾನೆಂದರೆ, 20 ಅಡಿ ಎತ್ತರದ ಮನೆಯ ನೆರಳು ನಡುಹಗಲಿನಲ್ಲೂ ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ.

ಇದನ್ನು ನಿಮ್ಮ ಮನೆಗೆ ಹೊಂದಿಸಿ ನೋಡಿ. ಮನೆಯ ಉತ್ತರಕ್ಕೆ ಬಿಟ್ಟಿರುವ ಮೂರಡಿ ಓಣಿ ಅಕ್ಟೋಬರಿನಿಂದ ಫೆಬ್ರವರಿವರೆಗೆ ಬಿಸಿಲೇ ಕಾಣುವುದಿಲ್ಲ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ನೆನೆದ ಹೊಟ್ಟು ಆ ಓಣಿಯಲ್ಲಿ ಸಂಕ್ರಾಂತಿಯವರೆಗೂ ಒಣಗದೆ ಉಳಿಯುತ್ತದೆ. ಅದೇ ಓಣಿಗೆ ಬಿಸಿಲು ಬೀಳುವುದು ಬೇಸಿಗೆಯ ನಡುಹಗಲಿನಲ್ಲಿ, ಕೋಳಿಗೆ ನೆರಳು ಬೇಕಾದಾಗ! ಬೇಕಾದ ಕಾಲಕ್ಕೆ ಇಲ್ಲ, ಬೇಡದ ಕಾಲಕ್ಕೆ ಉಂಟು. ಇಷ್ಟಾದರೂ ಗೂಡಿಗೆ ಜನ ಹೆಚ್ಚಾಗಿ ಆರಿಸುವುದು ಈ ಓಣಿಯನ್ನೇ, ಬೇರೆ ಯಾವ ಕೆಲಸಕ್ಕೂ ಬಾರದೆ ಖಾಲಿ ಬಿದ್ದಿರುತ್ತದೆಂದು. ನಾನು ನೋಡಿಬಂದ ಓದುಗರ ಮನೆಗಳಲ್ಲಿ ವಾಸನೆಯ ದೂರು ಇದ್ದ ಗೂಡುಗಳು ಬಹುಪಾಲು ಇಂಥ ಉತ್ತರದ ಓಣಿಯಲ್ಲಿದ್ದವು.

ಎಲ್ಲಕ್ಕಿಂತ ಒಳ್ಳೆಯದು ಮನೆಯ ಪೂರ್ವದ ಮಗ್ಗುಲು. ಬೆಳಗಿನ ಎಳೆ ಬಿಸಿಲು ಹೊಟ್ಟನ್ನು ಒಣಗಿಸುತ್ತದೆ, ಕೋಳಿಯನ್ನು ಚುರುಕಾಗಿಸುತ್ತದೆ. ಮಧ್ಯಾಹ್ನ ಎರಡರ ಮೇಲೆ ಮನೆಯೇ ನೆರಳು ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಎರಚಲಿಗೂ ಗೋಡೆ ಅಡ್ಡ ನಿಲ್ಲುತ್ತದೆ. ಆದರೆ ಆ ಗಾಳಿ ಗೂಡಿನ ವಾಸನೆಯನ್ನು ಪೂರ್ವದ ಮನೆಯವರ ಕಡೆಗೆ ಒಯ್ಯುತ್ತದೆ ಎಂಬುದನ್ನು ಮರೆಯಬೇಡಿ. ಆದ್ದರಿಂದ ಗೂಡು ನಮ್ಮ ಗೋಡೆಯ ಕಡೆಗಿರಲಿ, ಓಡಾಟದ ಜಾಲರಿ ಅಂಗಳ ಕಾಂಪೌಂಡಿನ ಕಡೆಗಿರಲಿ. ರಾತ್ರಿಯ ಹಿಕ್ಕೆ ಸೇರುವುದು ಗೂಡಿನೊಳಗೆ, ಘಾಟು ಹುಟ್ಟುವುದೂ ಅಲ್ಲೇ. ಪೂರ್ವ ಆಗದಿದ್ದರೆ ದಕ್ಷಿಣ. ಚಳಿಗಾಲದ ಬಿಸಿಲು ಪೂರಾ ಸಿಗುತ್ತದೆ, ಬೇಸಿಗೆಗೆ ಮೇಲೊಂದು ಶೇಡ್ ನೆಟ್ ಕಟ್ಟಿದರಾಯಿತು.

ಪಶ್ಚಿಮದ ಹಿತ್ತಿಲು ಮಾರ್ಚ್, ಏಪ್ರಿಲ್‌ಗಳಲ್ಲಿ ಕಷ್ಟ ಕೊಡುತ್ತದೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆ ಅಗಲಿಸಿ ನಿಲ್ಲುವುದು, ಇವೆರಡೇ ಅದಕ್ಕೆ ಗೊತ್ತಿರುವ ಉಪಾಯ. ಮೈ ಬಿಸಿ ಆಗಲೇ 41 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿರುವ ಜೀವ ಅದು. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಸೂರಿನ ಕೆಳಗೇ ನುಗ್ಗಿ ಬರುವಾಗ ಮೇಲಿನ ಶೀಟು ಯಾವ ಉಪಯೋಗಕ್ಕೂ ಬಾರದು. 2016ರ ಏಪ್ರಿಲ್‌ನಲ್ಲಿ ನಮ್ಮ ಊರು 39.2 ಡಿಗ್ರಿ ಕಂಡಿದೆ. ಹಾಗೆಂದು ಪೂರ್ವ ಬಾಗಿಲಿನ ಮನೆಯವರು ಹಿತ್ತಿಲು ಪಶ್ಚಿಮಕ್ಕಿದೆ ಎಂದು ಕೈಚೆಲ್ಲಬೇಕಿಲ್ಲ. ನಮ್ಮ ಬಡಾವಣೆಗಳಲ್ಲಿ ಹಿತ್ತಿಲಿಗೆ ಹಿತ್ತಿಲು ಬೆನ್ನು ಕೊಟ್ಟಿರುತ್ತದೆ; ಹಿಂದಿನವರದು ಎರಡು ಮಹಡಿಯಾಗಿದ್ದರೆ ಮೂರೂವರೆ, ನಾಲ್ಕರ ಹೊತ್ತಿಗೆ ಅವರ ಮನೆಯ ನೆರಳೇ ನಮ್ಮ ಹಿತ್ತಿಲನ್ನು ತುಂಬಿಕೊಳ್ಳುತ್ತದೆ. ದಿಕ್ಸೂಚಿಗಿಂತ ಸುತ್ತಲಿನ ಕಟ್ಟಡಗಳನ್ನು ನೋಡಿ ಎಂದು ನಾನು ಹೇಳುವುದು ಇದಕ್ಕೇ. ಒಂದು ರಜಾದಿನ ಬೆಳಿಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಹೊರಗೆ ಹೋಗಿ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದರೆ ಅರ್ಧ ಉತ್ತರ ನೆಲದ ಮೇಲೇ ಸಿಗುತ್ತದೆ.

ಆ ಉತ್ತರ ಶಾಶ್ವತವೂ ಅಲ್ಲ. ಜಯನಗರದಲ್ಲಿ ಹೆಂಚಿನ ಮನೆ, ಒಂದೇ ಅಂತಸ್ತಿನ ಮನೆಗಳನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸುವುದು ಬೀದಿಬೀದಿಯಲ್ಲೂ ನಡೆದಿದೆ. ಪಕ್ಕದ ಸೈಟಿನಲ್ಲಿ ಹಾಗಾದರೆ ನಿಮ್ಮ ಹಿತ್ತಿಲಿನ ಬಿಸಿಲು ಒಂದೇ ವರ್ಷದಲ್ಲಿ ಬದಲಾಗುತ್ತದೆ. ಆದ್ದರಿಂದ ಸಿಮೆಂಟು, ಇಟ್ಟಿಗೆಯ ಗೂಡು ಕಟ್ಟಬೇಡಿ. ಕಬ್ಬಿಣದ ಚೌಕಟ್ಟಿಗೆ ಜಾಲರಿ ಬೆಸೆದ, ಇಬ್ಬರು ಹಿಡಿದರೆ ಎತ್ತಿಡಬಹುದಾದ ಗೂಡು ಸಾಕು. ನಾಲ್ಕು ಕೋಳಿಗೆ ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಗೂಡು, ಅದಕ್ಕೆ ಸೇರಿದಂತೆ 40 ಚದರಡಿಯಷ್ಟು ಜಾಲರಿ ಅಂಗಳ. ಎಂದರೆ ಐದಡಿಗೆ ಎಂಟಡಿ, ಒಂದು ಮಂಚಕ್ಕಿಂತ ಸ್ವಲ್ಪ ದೊಡ್ಡ ಜಾಗ. ಗೂಡಿಗೆ ಎರಡಡಿ ಎತ್ತರದ ಕಾಲಿರಲಿ. ಕೆಳಗೆ ಪೊರಕೆ ಆಡುತ್ತದೆ, ಗಾಳಿ ಆಡುತ್ತದೆ, ಮಧ್ಯಾಹ್ನ ಕೋಳಿಗಳು ಅದೇ ನೆರಳಿನಲ್ಲಿ ಮಣ್ಣು ಕೆದರಿಕೊಂಡು ಕೂರುತ್ತವೆ. ಗೋಡೆಗೂ ಗೂಡಿಗೂ ನಡುವೆ ಒಬ್ಬರು ಓರೆಯಾಗಿ ನುಗ್ಗುವಷ್ಟು ಸಂದು ಬಿಡಿ. ಪೂರಾ ಒತ್ತಿಟ್ಟರೆ ಗೋಡೆ ತೇವ ಹಿಡಿಯುತ್ತದೆ, ಅಂಗೈ ಅಗಲ ಬಿಟ್ಟರೆ ಅಲ್ಲಿ ಹೆಗ್ಗಣ ಸಂಸಾರ ಹೂಡುತ್ತದೆ.

ಇನ್ನು ನೆಲದ ಇಳಿಜಾರು. ಬನಶಂಕರಿ ಎತ್ತರದ ದಿಣ್ಣೆಯ ಮೇಲಿದೆ. ಅಲ್ಲಿನ ನೀರು ಪಶ್ಚಿಮಕ್ಕೆ ವೃಷಭಾವತಿಯ ಕಡೆ ಇಳಿಯುತ್ತದೆ, ಕೆಂಪು ಮಣ್ಣು ಬೇಗ ಹೀರಿಕೊಳ್ಳುತ್ತದೆ. ಬಿಟಿಎಂ ಹಾಗಲ್ಲ. ಮಡಿವಾಳ ಕೆರೆಯ ಸುತ್ತಲಿನ ತಗ್ಗು ಅದು, 2025ರ ಮೇ ತಿಂಗಳ ಮಳೆಗೆ ಅಲ್ಲಿನ ಬೀದಿಗಳಲ್ಲಿ ನೀರು ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. ತಗ್ಗಿನ ಮನೆಯವರು ಜಾಲರಿ ಅಂಗಳದ ನೆಲವನ್ನೇ ಸುತ್ತಲಿಗಿಂತ ಅರ್ಧ ಅಡಿ ಎತ್ತರಿಸಿ, ಸಾಲಿಡ್ ಬ್ಲಾಕಿನ ಅಂಚು ಕಟ್ಟಿ, ಮೇಲೆ ಮರಳು ಹಾಕಿಸುವುದು ಒಳ್ಳೆಯದು. ಎತ್ತರದವರಿಗೂ ಒಂದು ಎಚ್ಚರ. ಟೆರೇಸಿನ ನೀರು ಸುರಿಯುವ ಪೈಪು ಎಲ್ಲಿದೆ, ಬಟ್ಟೆ ಒಗೆಯುವ ಕಲ್ಲಿನ ನೀರು ಎತ್ತ ಹರಿಯುತ್ತದೆ ಎಂದು ಮೊದಲು ನೋಡಿಕೊಳ್ಳಿ. ಆ ದಾರಿಯಲ್ಲಿ ಗೂಡು ಇಡಬೇಡಿ. ಕಲ್ಲಿನ ಬುಡದಲ್ಲಿ ನೀರು ಸದಾ ನಿಲ್ಲುತ್ತಿದ್ದರೆ ಸೊಳ್ಳೆ ಬೆಳೆಯುತ್ತದೆ, ಕೋಳಿ ಸಿಡುಬನ್ನು ಹರಡುವುದು ಸೊಳ್ಳೆಯೇ.

ಸಂಪು, ಇಂಗುಗುಂಡಿಗಳ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ ಮಳೆನೀರು ಸಂಗ್ರಹ ಕಡ್ಡಾಯವಾದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂಗುಗುಂಡಿ ತೋಡಿಸಿದ್ದಾರೆ. ಗೂಡಿನ ಸುತ್ತ ತೊಳೆದ ನೀರು, ಹಿಕ್ಕೆ ನೆನೆದು ಹರಿದ ಮಳೆನೀರು ಆ ಗುಂಡಿಗೆ ಇಳಿದರೆ ನೇರ ಅಂತರ್ಜಲಕ್ಕೆ ಸೇರುತ್ತದೆ. ಪಕ್ಕದವರ ಬೋರ್‌ವೆಲ್ ಕುಡಿಯುವುದೂ ಅದನ್ನೇ. ಗೂಡು ಯಾವಾಗಲೂ ಗುಂಡಿಗಿಂತ ಇಳಿಜಾರಿನ ಕೆಳಗಿರಲಿ, ಮತ್ತು ಅದರ ನೀರು ಗಿಡದ ಪಾತಿಗೆ ಹೋಗಲಿ. ಗುಂಡಿ, ಪೈಪುಗಳ ಏರ್ಪಾಡು ತಿಳಿಯದವರು ಜಯನಗರ 5ನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆನೀರು ಸಂಗ್ರಹ ಉದ್ಯಾನಕ್ಕೆ ಒಮ್ಮೆ ಹೋಗಿ ಬನ್ನಿ, ಮಾದರಿಗಳನ್ನು ಇಟ್ಟು ತೋರಿಸುತ್ತಾರೆ. ವಾಸ್ತು ಕೇಳುವ ಓದುಗರೂ ಬಹಳ. ಈಶಾನ್ಯದಲ್ಲಿ ಕೋಳಿ ಬೇಡ ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ನಾನೂ ಬೇಡವೆನ್ನುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಂಪು ಇರುವುದು ಅಲ್ಲೇ. ಕಾವೇರಿ ನೀರಿನ ಮುಚ್ಚಳದ ಹತ್ತಿರ ಹಿಕ್ಕೆಯ ಧೂಳು ಹಾರಬಾರದು.

ಮರ ಇದ್ದರೆ ಅದೃಷ್ಟ, ಆದರೆ ಯಾವ ಮರ ಎಂಬುದು ಮುಖ್ಯ. ಹೊಂಗೆ ನನಗೆ ಇಷ್ಟ. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸಿ ಏಪ್ರಿಲ್ ಹೊತ್ತಿಗೆ ತಳತಳ ಹೊಸ ಎಲೆ ತುಂಬಿಕೊಳ್ಳುತ್ತದೆ. ಬಿಸಿಲು ಏರುವುದಕ್ಕೂ ನೆರಳು ದಟ್ಟವಾಗುವುದಕ್ಕೂ ಸರಿಹೋಗುತ್ತದೆ. ಉದುರಿದ ಎಲೆ ಹಾಸಿಗೆಗೂ ಆಗುತ್ತದೆ. ನುಗ್ಗೆಯ ಜಾಳು ನೆರಳು ಸಾಲದು, ಆದರೆ ಇದ್ದರೆ ಇರಲಿ, ಸೊಪ್ಪನ್ನು ಕೋಳಿ ಆಸೆಪಟ್ಟು ತಿನ್ನುತ್ತದೆ. ತೆಂಗಿನ ಮರದಡಿ ಮಾತ್ರ ಖಂಡಿತ ಬೇಡ. ಒಣಗಿದ ಗರಿ ಒಂದು ಬಿದ್ದರೂ ಶೀಟು ಒಡೆಯುತ್ತದೆ, ಕಾಯಿಯ ಮಾತಂತೂ ಬಿಡಿ.

ಮರದ ಮೇಲೆ ಕಾಗೆ, ಪಾರಿವಾಳ ಕೂರುತ್ತವೆ, ಹಿಕ್ಕೆ ಹಾಕುತ್ತವೆ. ಇದು ಸಣ್ಣ ವಿಷಯವಲ್ಲ. ಕೊಕ್ಕರೆ ರೋಗ ಪಾರಿವಾಳದಿಂದಲೂ ಕೋಳಿಗೆ ದಾಟುತ್ತದೆ. ಹಕ್ಕಿಜ್ವರ ನಮ್ಮ ಊರಿಗೆ ಹೊಸದಲ್ಲ: 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಕಾಣಿಸಿಕೊಂಡಿತ್ತು, 2018ರ ಜನವರಿಯಲ್ಲಿ ಹೆಬ್ಬಾಳದ ಬಳಿಯ ದಾಸರಹಳ್ಳಿಯ ಸುದ್ದಿ ಬಂದಾಗ ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾಯಿತು. ಆದ್ದರಿಂದ ನೀರು, ಮೇವು ಇಡುವ ಭಾಗವಾದರೂ ಪೂರ್ತಿ ಶೀಟಿನ ಅಡಿಯಲ್ಲಿರಲಿ. ದಿನಾ ಪಾರಿವಾಳಕ್ಕೆ ಕಾಳು ಚೆಲ್ಲುವ ಮನೆ ಪಕ್ಕದಲ್ಲಿದ್ದರೆ ಗೂಡನ್ನು ಆ ಕಾಂಪೌಂಡಿನಿಂದ ಆದಷ್ಟು ಈಚೆ ತನ್ನಿ. ಮರಿ ತರುವಾಗಲೇ ಕೊಕ್ಕರೆ ರೋಗದ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಿ.

ಕಾಡು ದೂರ ಎಂದು ನಾವು ತಿಳಿದಿದ್ದರೂ ಕೋಳಿಗೆ ಶತ್ರುಗಳು ಇಲ್ಲಿ ಕಡಿಮೆಯಿಲ್ಲ. 2023ರ ಪಾಲಿಕೆಯ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ತುರಹಳ್ಳಿ ಕಾಡಿಗೆ ಹತ್ತಿರದ ಬನಶಂಕರಿ 6ನೇ ಹಂತದಲ್ಲಿ ಮುಂಗುಸಿ ಹಗಲಲ್ಲೇ ಓಡಾಡುತ್ತದೆ. ಹಳೆಯ ಜಯನಗರದ ಹೆಂಚಿನ ಸೂರುಗಳಲ್ಲಿ ಪುನುಗು ಬೆಕ್ಕು ಇದೆ. ಆಕಾಶದಲ್ಲಿ ಹದ್ದು. ಆದರೆ ನಮ್ಮ ಕಡೆ ಹೆಚ್ಚು ಹಾನಿ ಮಾಡುವುದು ಹೆಗ್ಗಣ. ಅದು ಮೇಲಿನಿಂದ ಬರುವುದಿಲ್ಲ, ನೆಲ ಬಗೆದು ಬರುತ್ತದೆ. ಮುಚ್ಚದ ಚರಂಡಿ, ಕಟ್ಟಡ ಕೆಡವಿದ ಮಣ್ಣಿನ ಗುಡ್ಡೆ, ಸೌದೆಯ ರಾಶಿ, ಇವುಗಳ ಪಕ್ಕ ಗೂಡು ಕೂರಿಸಿದರೆ ಅದನ್ನು ಮನೆಗೆ ಕರೆದಂತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಕನ್ ಮೆಶ್ ಎಂದು ಕೊಡುವ ಆರು ಮೂಲೆಯ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಕೇಳಿ ತನ್ನಿ. ಬುಡದಲ್ಲಿ ಅದನ್ನು ಹೊರಕ್ಕೆ ಒಂದಡಿ ಮಡಿಸಿ ನೆಲದ ಮೇಲೆ ಹಾಸಿ, ಮೇಲೆ ಸೈಜುಗಲ್ಲೋ ಕಡಪ ಕಲ್ಲೋ ಹೇರಿಬಿಡಿ. ಹೆಗ್ಗಣ ಗೋಡೆಯ ಬುಡದಲ್ಲೇ ತೋಡಲು ಶುರುಮಾಡುತ್ತದೆ, ಅಲ್ಲಿ ಜಾಲರಿ ಸಿಕ್ಕಿದರೆ ಬಿಟ್ಟುಹೋಗುತ್ತದೆ. ರಾತ್ರಿ ಮೇವಿನ ತಟ್ಟೆ ಒಳಗೆ ತೆಗೆದಿಡಿ. ಅಡುಗೆಮನೆಗೆ ಹತ್ತಿರವಿದ್ದರೆ ಇದೆಲ್ಲ ನಡೆಯುತ್ತದೆ. ಕೊನೆಯ ಮೂಲೆಗೆ ಮಳೆಯಲ್ಲಿ ಟಾರ್ಚು ಹಿಡಿದು ಹೋಗಿ ಚಿಲಕ ಹಾಕಬೇಕು ಎಂದರೆ ಒಂದಲ್ಲ ಒಂದು ರಾತ್ರಿ ಹೋಗುವುದಿಲ್ಲ, ಹೆಗ್ಗಣಕ್ಕೂ ಬೆಕ್ಕಿಗೂ ಆ ಒಂದು ರಾತ್ರಿ ಸಾಕು.

ತಳಿಗೂ ಜಾಗಕ್ಕೂ ನಂಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ಮೈಭಾರದ ಕೋಳಿ, ಐದಡಿ ಕಾಂಪೌಂಡನ್ನು ಹಾರುವ ಯೋಚನೆ ಮಾಡುವುದಿಲ್ಲ. ಆಮೇಲೆ ಬಂದ ಸ್ವರ್ಣಧಾರಾ ಮೈಯಲ್ಲಿ ಸ್ವಲ್ಪ ಹಗುರ, ಮೊಟ್ಟೆ ಹೆಚ್ಚು. ನಾಟಿ ಹೇಂಟೆ ಮಾತ್ರ ಸಂಜೆಯಾದರೆ ಪಕ್ಕದ ಮನೆಯ ಮಾವಿನ ಮರ ಹತ್ತಿ ಕೂರುತ್ತದೆ, ಅದನ್ನು ತರುವವರು ಜಾಲರಿ ಅಂಗಳದ ಮೇಲ್ಭಾಗವನ್ನೂ ಮುಚ್ಚಲೇಬೇಕು. ಹುಂಜ ಬೇಡ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ ಎಂಬುದನ್ನು ಎಷ್ಟೋ ಜನ ನಂಬುವುದೇ ಇಲ್ಲ! ಮರಿ ಆಗುವುದಿಲ್ಲ, ಅಷ್ಟೆ. ಬೆಳಕು ಕಂಡು ಹುಂಜ ಕೂಗುತ್ತದೆ, ಕತ್ತಲ ಮೂಲೆಯಲ್ಲಿ ಗೂಡಿಟ್ಟರೆ ಸುಮ್ಮನಿರುತ್ತದೆ ಎಂದು ವಾದಿಸಿದವರಿದ್ದಾರೆ. ಆದರೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟ ಹಾಗೆ, ಹುಂಜದ ಮೈಯೊಳಗೇ ಗಡಿಯಾರವಿದೆ. ಸದಾ ಮಂದ ಬೆಳಕಿನಲ್ಲಿ ಇಟ್ಟರೂ ಅದು ತನ್ನ ಹೊತ್ತಿಗೆ ಕೂಗಿತು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದದ ಮಿತಿ 45 ಡೆಸಿಬಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿದೆ. ಹುಂಜದ ಕೂಗು ಅದನ್ನು ಎಷ್ಟೋ ದಾಟುತ್ತದೆ. ಇದಕ್ಕೆ ಜಾಗ ಬದಲಿಸುವುದು ಪರಿಹಾರವಲ್ಲ.

ಹಿತ್ತಿಲೇ ಇಲ್ಲದವರು ಟೆರೇಸ್ ಕೇಳುತ್ತಾರೆ. ಸಾಧ್ಯವಿದೆ, ಆದರೆ ಕೆಲಸ ಹೆಚ್ಚು. ಮೆಟ್ಟಿಲ ಮೇಲಿನ ಹೆಡ್‌ರೂಮಿನ ಪೂರ್ವ ಗೋಡೆಯ ಪಕ್ಕ, ಅದೇ ಸಂದು ಬಿಟ್ಟು, ಗೂಡಿಟ್ಟರೆ ಮಧ್ಯಾಹ್ನದ ಮೇಲೆ ನೆರಳು ಸಿಗುತ್ತದೆ. ಬರಿ ಕಾಂಕ್ರೀಟಿನ ಮೇಲೆ ಕೋಳಿ ಬಿಡಬೇಡಿ. ಏಪ್ರಿಲ್‌ನಲ್ಲಿ ನಮ್ಮ ಪಾದವೇ ತಾಳದ ನೆಲ ಅದು. ಆರಿಂಚು ಹೊಟ್ಟು, ಒಂದು ಟಬ್ಬು ಕೆಮ್ಮಣ್ಣು, ಅದರಲ್ಲಿ ಸ್ವಲ್ಪ ಬೂದಿ ಇರಲಿ; ಮಣ್ಣಿನಲ್ಲಿ ಹೊರಳದ ಕೋಳಿಯನ್ನು ಹೇನು ಬಿಡುವುದಿಲ್ಲ. ಒಂದು ಕೋಳಿಗೆ ದಿನಕ್ಕೆ ಕಾಲು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಅದರ ಎರಡರಷ್ಟು. ಅದನ್ನು ಹೊತ್ತು ಮೂರನೇ ಮಹಡಿ ಹತ್ತುವವರು ಯಾರು ಎಂದು ಮನೆಯಲ್ಲಿ ಮೊದಲೇ ಮಾತಾಗಲಿ. ಮಕ್ಕಳು ಹತ್ತುತ್ತಾರೆ ಎಂದು ನಂಬಿ ತರುವುದು ಬೇಡ, ಅವರಿಗೆ ಪರೀಕ್ಷೆ ಬರುವುದೂ ಆ ಬಿಸಿಲಿನ ತಿಂಗಳಲ್ಲೇ.

ಜಾಗ ಗೊತ್ತಾದ ಮೇಲೆ, ವೆಲ್ಡಿಂಗ್‌ನವರನ್ನು ಕರೆಯುವ ಮೊದಲು, ಎರಡೂ ಪಕ್ಕದ ಹಾಗೂ ಹಿಂದಿನ ಮನೆಗೆ ಹೋಗಿ ಹೇಳಿಬನ್ನಿ. ನಮ್ಮ ಬಡಾವಣೆಗಳಲ್ಲಿ ಮೊಟ್ಟೆಯನ್ನೂ ಮುಟ್ಟದ ಮನೆಗಳು ಬಹಳ. "ಮಾವಿನಕಾಯಿ ಒಣಹಾಕೋ ಕಡೆ ಕೋಳಿ ಪುಕ್ಕ ಹಾರಿಬಂದ್ರೆ ಏನ್ಮಾಡೋದು?" ಎಂದು ಒಬ್ಬ ಹಿರಿಯರು ಕೇಳಿದ್ದರು. ಅದು ನ್ಯಾಯವಾದ ಪ್ರಶ್ನೆ. ಅವರನ್ನು ಕರೆದು, ಗೂಡು ನಿಲ್ಲುವ ಜಾಗ ತೋರಿಸಿ, ಅದು ಅವರ ಕಾಂಪೌಂಡಿಗಿಂತ ನಿಮ್ಮ ಅಡುಗೆಮನೆಗೆ ಹತ್ತಿರವಿದೆ ಎಂದು ಅವರೇ ನೋಡಲಿ. ಹುಂಜ ತರುವುದಿಲ್ಲ, ಹಿತ್ತಲಲ್ಲಿ ಕೊಯ್ಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಹೀಗೆ ಮೊದಲೇ ಕೇಳಿದ ಮನೆಗಳಲ್ಲಿ ಮಾತು ದೂರಿನವರೆಗೆ ಹೋದದ್ದನ್ನು ನಾನು ನೋಡಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೆಲವು ಮನೆಗಳಿಗೆ ಕೋಳಿ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಡುಗೆಮನೆಯ ಕಿಟಕಿ ಮೂರಡಿಯ ಉತ್ತರದ ಓಣಿಗೆ ತೆರೆದುಕೊಂಡು, ಬೇರೆಲ್ಲೂ ಐದು ಅಡಿಗೆ ಎಂಟಡಿಯ ಬಿಸಿಲು ಬೀಳುವ ನೆಲ ಇಲ್ಲದಿದ್ದರೆ ಗೂಡಿಗೆ ದುಡ್ಡು ಹಾಕಬೇಡಿ. ಉಳಿದವರು ಮುಂಗಾರು ಹಿಡಿಯುವ ಮೊದಲು ಗೂಡು ಮುಗಿಸಿ, ಹೊಟ್ಟು ಹಾಸಿ, ಒಂದೆರಡು ಜೋರು ಮಳೆ ಖಾಲಿ ಗೂಡಿನ ಮೇಲೇ ಸುರಿಯಲಿ. ಮಾರನೆಯ ಬೆಳಿಗ್ಗೆ ಹೊಟ್ಟಿಗೆ ಕೈಹಾಕಿ ನೋಡಿ. ಒಣಗಿದ್ದರೆ ಹೆಬ್ಬಾಳಕ್ಕೆ ಫೋನ್ ಮಾಡಿ ಮರಿ ಕಾದಿರಿಸಿ. ಒದ್ದೆಯಾಗಿದ್ದರೆ ಗೂಡನ್ನು ಇಬ್ಬರು ಎತ್ತಿ ನಾಲ್ಕಡಿ ಆಚೆಗೋ ಈಚೆಗೋ ಸರಿಸಿ, ಇನ್ನೊಂದು ಮಳೆಗೆ ಕಾಯಿರಿ.